ಸ್ಪೇನಿನ ಬಿಸಿಲ ಕರಾವಳಿಯಲ್ಲಿ ಒಂದು ವಾರ: ಕೋಸ್ತಾ ದೆಲ್ ಸೋಲ್‌ಗೆ ಹೋಗುವ ಮುನ್ನ

ಈ ಕರಾವಳಿಯ ತೊರ್ರೆಮೊಲಿನೋಸ್ ಎಂಬ ಊರಿನಲ್ಲಿ ಇಳಿದ ಮೊದಲ ದಿನ ಸಂಜೆ ಆರೂವರೆಗೇ ನಮ್ಮ ಹೊಟ್ಟೆ ಚುರುಗುಟ್ಟುತ್ತಿತ್ತು. ಅಮ್ಮ, ಹೆಂಡತಿ, ಹತ್ತು ವರ್ಷದ ಮಗಳು ಮತ್ತು ನಾನು ಒಂದು ರೆಸ್ಟೋರೆಂಟಿಗೆ ಹೋಗಿ ಕೂತೆವು. ಮಾಣಿ ನೀರು ತಂದಿಟ್ಟ, ಒಂದು ಬಟ್ಟಲು ಆಲಿವ್ ಕಾಯಿ ಇಟ್ಟ. ಊಟ ಕೇಳಿದರೆ ಅಡುಗೆಮನೆ ಕಡೆ ಕೈ ತೋರಿಸಿ ತಲೆಯಾಡಿಸಿದ. ಆಮೇಲೆ ಫೋನು ತೆಗೆದು ಗಡಿಯಾರ ತೋರಿಸಿದ: ಒಲೆ ಹಚ್ಚುವುದು ಎಂಟೂವರೆಗೆ. ಅಮ್ಮ ಹೊರಗೆ ನೋಡಿ, "ಸೂರ್ಯ ಇನ್ನೂ ಅಷ್ಟು ಮೇಲಿದಾನೆ. ಇವರ ಗಡಿಯಾರ ಕೆಟ್ಟಿದೆ ಕಣೋ" ಅಂದರು.

ಅಮ್ಮ ಹೇಳಿದ್ದು ಹೆಚ್ಚೂಕಮ್ಮಿ ನಿಜ. ಭೂಪಟ ನೋಡಿದರೆ ಸ್ಪೇನ್ ಇರುವುದು ಬ್ರಿಟನ್ನಿನ ನೇರಕ್ಕೆ. ಆದರೆ 1940ರಲ್ಲಿ ಸರ್ವಾಧಿಕಾರಿ ಫ್ರಾಂಕೋನ ಸರ್ಕಾರ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿ ಜರ್ಮನಿಯ ಸಮಯಕ್ಕೆ ಹೊಂದಿಸಿತು. ಅದನ್ನು ಮತ್ತೆ ಹಿಂದಕ್ಕೆ ತಿರುಗಿಸಲೇ ಇಲ್ಲ. ಬೇಸಿಗೆಯಲ್ಲಿ ಅದರ ಮೇಲೆ ಇನ್ನೊಂದು ಗಂಟೆ. ಹೀಗಾಗಿ ಬೆಂಗಳೂರಿನಲ್ಲಿ ಸೂರ್ಯ ನೆತ್ತಿಗೆ ಬರುವುದು ಹನ್ನೆರಡೂಕಾಲರ ಸುಮಾರಿಗಾದರೆ ಅಲ್ಲಿ ಎರಡೂಕಾಲಕ್ಕೆ. ಅಂದರೆ ಸರಿಯಾಗಿ ಎರಡು ಗಂಟೆ ತಡ. ತಿಂಗಳು, ಮನೆ, ಊಟ, ಈಜು, ಯಾವುದನ್ನೇ ಲೆಕ್ಕ ಹಾಕುವಾಗಲೂ ಈ ಎರಡು ಗಂಟೆ ನೆನಪಿರಲಿ. ನಮಗೆ ಯಾರೂ ಹೇಳಿರಲಿಲ್ಲ. ಹಾಗಾಗಿ ಮೊದಲ ಎರಡು ದಿನ ಹಸಿದುಕೊಂಡೂ ಚರ್ಮ ಸುಟ್ಟುಕೊಂಡೂ ಕಳೆದೆವು.

1. ಯಾವ ಕರಾವಳಿ ಅಂತ ಮೊದಲು ತೀರ್ಮಾನಿಸಿ

ಸ್ಪೇನಿನ ಮೆಡಿಟರೇನಿಯನ್ ಕರಾವಳಿಗೆ ತುಂಡು ತುಂಡಾಗಿ ಹೆಸರುಗಳಿವೆ. ಬಾರ್ಸಿಲೋನಾದಿಂದ ಉತ್ತರಕ್ಕೆ ಕೋಸ್ತಾ ಬ್ರಾವಾ, ಅಲಿಕಾಂತೆ ಸುತ್ತ ಕೋಸ್ತಾ ಬ್ಲಾಂಕಾ, ಗ್ರನಾಡಾ ಪ್ರಾಂತ್ಯದ ಕಡಲಂಚು ಕೋಸ್ತಾ ತ್ರೊಪಿಕಾಲ್. ದಕ್ಷಿಣದಲ್ಲಿ ಮಾಲಗ ಪ್ರಾಂತ್ಯದ್ದೇ ಕೋಸ್ತಾ ದೆಲ್ ಸೋಲ್. ಹೆಸರಿನ ಅರ್ಥವೇ 'ಸೂರ್ಯನ ಕರಾವಳಿ'.

ಇಲ್ಲಿ ಒಂದು ಸತ್ಯ ಹೇಳಿಬಿಡುತ್ತೇನೆ, ಜಾಹೀರಾತಿನಲ್ಲಿ ಇದು ಸಿಗುವುದಿಲ್ಲ. ಕೋಸ್ತಾ ದೆಲ್ ಸೋಲ್‌ನಲ್ಲಿ ಬಿಸಿಲು ಬಿಸಿ, ನೀರು ತಣ್ಣಗೆ. ಆಗಸ್ಟ್‌ನಲ್ಲೂ ಸಮುದ್ರದ ನೀರು 22-23 ಡಿಗ್ರಿ ಅಷ್ಟೆ. ಮಲ್ಪೆ, ಗೋಕರ್ಣದ 28-30 ಡಿಗ್ರಿ ನೀರಿಗೆ ಒಗ್ಗಿದ ಮೈ ಮೊದಲ ಸಲ ಇಳಿದಾಗ ಗಡಗಡ ನಡುಗುತ್ತದೆ. ಕಾರಣ ಪಕ್ಕದಲ್ಲೇ ಇದೆ. ಮೆಡಿಟರೇನಿಯನ್‌ಗೆ ಮಳೆ, ನದಿಗಳಿಂದ ಬರುವ ನೀರಿಗಿಂತ ಆವಿಯಾಗಿ ಹೋಗುವುದೇ ಜಾಸ್ತಿ. ಆ ಕೊರತೆ ತುಂಬಲು ಅಟ್ಲಾಂಟಿಕ್‌ನ ತಣ್ಣೀರು ಜಿಬ್ರಾಲ್ಟರ್ ಜಲಸಂಧಿಯ ಮೂಲಕ ಒಳಗೆ ಹರಿಯುತ್ತಲೇ ಇರುತ್ತದೆ. ಮಾಲಗ ಆ ಬಾಗಿಲಿಗೆ ಹತ್ತಿರ. ಅಲಿಕಾಂತೆ ದೂರ, ಹಾಗಾಗಿ ಅಲ್ಲಿ ಆಗಸ್ಟ್‌ನಲ್ಲಿ ನೀರು 26 ಡಿಗ್ರಿ ಮುಟ್ಟುತ್ತದೆ.

ಗಂಟೆಗಟ್ಟಲೆ ನೀರಲ್ಲೇ ಬಿದ್ದಿರಬೇಕು ಅಂತಿದ್ದರೆ ಕೋಸ್ತಾ ಬ್ಲಾಂಕಾಕ್ಕೋ ಮಯೋರ್ಕಾ ದ್ವೀಪಕ್ಕೋ ಹೋಗಿ. ಬೆಳಿಗ್ಗೆ ಒಂದು ಮುಳುಗು, ಸಂಜೆ ಒಂದು ಮುಳುಗು, ನಡುವೆ ಊರು, ಊಟ, ಬಿಳಿ ಹಳ್ಳಿಗಳು, ಗ್ರನಾಡಾದ ಅರಮನೆ ಬೇಕಿದ್ದರೆ ಕೋಸ್ತಾ ದೆಲ್ ಸೋಲ್. ಮರಳೂ ಪೋಸ್ಟ್‌ಕಾರ್ಡಿನ ಬಿಳಿ ಮರಳಲ್ಲ. ಬೂದು ಬಣ್ಣ, ದಪ್ಪ, ಕೆಲವು ಕಡೆ ಬರೀ ಬೆಣಚು. ನೀರಲ್ಲೂ ಹಾಕಿಕೊಳ್ಳಬಹುದಾದ ರಬ್ಬರ್ ಚಪ್ಪಲಿ ಒಯ್ಯಿರಿ.

2. ತಿಂಗಳು: ಬೇಸಿಗೆ ರಜೆ ಬೇಡ, ದಸರಾ ರಜೆ

ನಮ್ಮ ಶಾಲೆಗಳಿಗೆ ದೊಡ್ಡ ರಜೆ ಏಪ್ರಿಲ್, ಮೇನಲ್ಲಿ. ಆಗ ಅಲ್ಲಿ ವಸಂತ ಕಾಲ. ಓಡಾಡಲು ಹಿತ, ಆದರೆ ನೀರು 16-18 ಡಿಗ್ರಿ. ಮಕ್ಕಳು ಕಾಲು ಅದ್ದಿ ಕಿರುಚಿ ಓಡಿ ಬರುತ್ತಾರೆ. ಈಸ್ಟರ್ ವಾರವಂತೂ ಬೇಡವೇ ಬೇಡ. ಮಾಲಗದ ಬೀದಿಗಳಲ್ಲಿ ದೊಡ್ಡ ದೊಡ್ಡ ಪಲ್ಲಕ್ಕಿಗಳ ಮೆರವಣಿಗೆ ನಡೆಯುತ್ತದೆ. ನೋಡಲು ಭವ್ಯ, ರೂಮಿನ ಬಾಡಿಗೆ ಮಾತ್ರ ಆಕಾಶಕ್ಕೆ.

ಜುಲೈ, ಆಗಸ್ಟ್‌ನಲ್ಲಿ ಅರ್ಧ ಯುರೋಪ್ ಅಲ್ಲೇ ಇರುತ್ತದೆ. ಆಗಸ್ಟ್ ನಡುವೆ ಮಾಲಗದಲ್ಲಿ ಒಂದು ವಾರದ ಜಾತ್ರೆ ಬೇರೆ. ಬಿಸಿ ಸರಾಸರಿ 31 ಡಿಗ್ರಿ ಅಂತಾರೆ, ಆದರೆ ಬೆಟ್ಟದ ಕಡೆಯಿಂದ 'ತೆರ್ರಾಲ್' ಅನ್ನುವ ಒಣ ಗಾಳಿ ಬೀಸಿದ ದಿನ ನಲವತ್ತರ ಹತ್ತಿರ ಹೋಗುತ್ತದೆ. ಕಲಬುರಗಿಯವರಿಗೆ ಅದೇನೂ ದೊಡ್ಡದಲ್ಲ ಬಿಡಿ.

ನಮ್ಮ ಪುಣ್ಯಕ್ಕೆ ದಸರಾ ರಜೆ ಸರಿಯಾಗಿ ಒಳ್ಳೆ ಸಮಯಕ್ಕೇ ಬರುತ್ತದೆ. ಸಮುದ್ರ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಸೆಪ್ಟೆಂಬರ್ ಕೊನೆಯಲ್ಲಿ ನೀರಿಗೆ ಇನ್ನೂ ಆಗಸ್ಟ್‌ನ ಶಾಖ ಉಳಿದಿರುತ್ತದೆ, ಜನ ಕಡಿಮೆಯಾಗಿರುತ್ತಾರೆ, ಬಾಡಿಗೆ ಇಳಿದಿರುತ್ತದೆ. ಇನ್ನೊಂದು ಗುಟ್ಟು: ಮಾಲಗದ ಪೂರ್ವಕ್ಕಿರುವ ಬೆಟ್ಟಗಳಲ್ಲಿ ಮಾವು ಬೆಳೆಯುತ್ತಾರೆ, ಅಲ್ಲಿನ ಮಾವಿನ ಕಾಲ ಸೆಪ್ಟೆಂಬರ್, ಅಕ್ಟೋಬರ್. ಆಯುಧಪೂಜೆಯ ದಿನ ಮಾವಿನಹಣ್ಣು ತಿನ್ನುವ ಯೋಗ ಇನ್ನೆಲ್ಲಿ ಸಿಗುತ್ತೆ?

ಮಕ್ಕಳ ಶಾಲೆಯ ಚಿಂತೆ ಇಲ್ಲದವರಿಗೆ ಜೂನ್ ಕೂಡ ಚೆನ್ನ. ಜೂನ್ 23ರ ರಾತ್ರಿ ಸಾನ್ ಹುವಾನ್ ಹಬ್ಬ. ಇಡೀ ಕಡಲ ದಂಡೆಯಲ್ಲಿ ಬೆಂಕಿ ಹಾಕುತ್ತಾರೆ, ನಡುರಾತ್ರಿ ಜನ ಸಮುದ್ರಕ್ಕೆ ಇಳಿಯುತ್ತಾರೆ. ನಮ್ಮ ಕಾಮದಹನ ಕಡಲ ತೀರದಲ್ಲಿ ನಡೆದ ಹಾಗೆ.

3. ಊರು: ರೈಲು ಹೋಗುವ ಕಡೆ ಉಳಿಯಿರಿ

ಹೆಚ್ಚು ಹೊತ್ತು ಕೊಟ್ಟು ಯೋಚಿಸಬೇಕಾದ ಹೆಜ್ಜೆ ಇದು. ವಿಮಾನದ ಟಿಕೆಟ್ ತಪ್ಪಾದರೆ ದುಡ್ಡು ಹೋಗುತ್ತದೆ, ಊರು ತಪ್ಪಾದರೆ ದಿನಾ ಎರಡು ಗಂಟೆ ಹೋಗುತ್ತದೆ.

ಮಾಲಗದಿಂದ ಪಶ್ಚಿಮಕ್ಕೆ ಸಿ-1 ಅನ್ನುವ ಲೋಕಲ್ ರೈಲು ಓಡುತ್ತದೆ. ಊರ ಮಧ್ಯದಿಂದ ಹೊರಟು, ಮರಿಯಾ ಸಾಂಬ್ರಾನೋ ಎಂಬ ದೊಡ್ಡ ನಿಲ್ದಾಣ, ವಿಮಾನ ನಿಲ್ದಾಣ, ತೊರ್ರೆಮೊಲಿನೋಸ್, ಬೆನಲ್ಮಾದೆನಾ ಮುಗಿಸಿ ಫುಯೆಂಗಿರೋಲಾದಲ್ಲಿ ನಿಲ್ಲುತ್ತದೆ. ಇಪ್ಪತ್ತು ನಿಮಿಷಕ್ಕೊಂದು ಗಾಡಿ. ಈ ಗೆರೆಯ ಮೇಲೆ ಎಲ್ಲಿ ಉಳಿದರೂ ಕಾರು ಬೇಕಿಲ್ಲ, ವಿಮಾನ ಇಳಿದು ಟ್ಯಾಕ್ಸಿ ಹುಡುಕಬೇಕಿಲ್ಲ. ಹೆಸರು ಮಾಡಿದ ಮಾರ್ಬೆಯಾಕ್ಕೆ ರೈಲಿಲ್ಲ, ಬಸ್ಸಿನಲ್ಲೇ ಹೋಗಬೇಕು. ಜೊತೆಗೆ ಅಲ್ಲಿ ಎಲ್ಲವೂ ಒಂದು ಕೈ ದುಬಾರಿ. ಹಡಗಿನಂಥ ಕಾರುಗಳನ್ನು ನೋಡುವ ಆಸೆ ಇದ್ದರೆ ಒಂದು ಮಧ್ಯಾಹ್ನ ಹೋಗಿ ಬನ್ನಿ, ಸಾಕು.

ಸಮುದ್ರಕ್ಕಿಂತ ಊರೇ ಇಷ್ಟವಾದವರಿಗೆ ಮಾಲಗ ಸರಿ. ಮಾಲಗೇತಾ ಎಂಬ ಬೀಚು ಊರ ಮಧ್ಯದಿಂದ ನಡೆದು ಹೋಗುವಷ್ಟು ಹತ್ತಿರ. ಪಿಕಾಸೊ 1881ರಲ್ಲಿ ಹುಟ್ಟಿದ್ದು ಇದೇ ಊರಲ್ಲಿ, ಅವನ ಹೆಸರಿನ ಮ್ಯೂಸಿಯಂ ಇದೆ. ಬೆಟ್ಟದ ಮೇಲೆ ಅರಬರ ಕಾಲದ ಅಲ್ಕಾಸಾಬಾ ಕೋಟೆ, ಅದರ ಬುಡದಲ್ಲೇ ರೋಮನ್ನರ ಬಯಲು ರಂಗಮಂದಿರ. ಕೋಟೆಗೆ ಭಾನುವಾರ ಮಧ್ಯಾಹ್ನ ಎರಡರ ಮೇಲೆ ಟಿಕೆಟ್ ಇಲ್ಲ.

ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ನನ್ನ ಓಟು ಫುಯೆಂಗಿರೋಲಾಕ್ಕೆ. ಚೆಂದದ ಊರೇನಲ್ಲ, ಉದ್ದಕ್ಕೂ ಅಪಾರ್ಟ್‌ಮೆಂಟ್ ಗೋಡೆಗಳು. ಆದರೆ ನೆಲ ಸಮತಟ್ಟು. ನಿಲ್ದಾಣದಿಂದ ಬೀಚಿಗೆ ಹತ್ತು ನಿಮಿಷದೊಳಗಿನ ನಡಿಗೆ, ಸಮುದ್ರದ ಉದ್ದಕ್ಕೂ ಕಿಲೋಮೀಟರುಗಟ್ಟಲೆ ಕಲ್ಲುಹಾಸಿನ ದಾರಿ. ಅಮ್ಮ ದಿನಾ ಸಂಜೆ ಸೀರೆ ಉಟ್ಟು, ಸ್ಪೋರ್ಟ್ಸ್ ಶೂ ಹಾಕಿಕೊಂಡು ಅಲ್ಲಿ ವಾಕಿಂಗ್ ಮಾಡಿದರು. ಅಲ್ಲಿನ ಅಜ್ಜಿಯರು "ಗ್ವಾಪಾ" ಅನ್ನುತ್ತಿದ್ದರು. 'ಚೆಲುವೆ' ಅಂತ ಅರ್ಥ. ಅಮ್ಮನಿಗೆ ಹೇಳಿದಾಗ ಎರಡು ದಿನ ನಾಚಿಕೊಂಡೇ ಇದ್ದರು.

ಪೂರ್ವಕ್ಕೆ ಐವತ್ತು ಕಿಲೋಮೀಟರಿನಾಚೆ ನೆರ್ಹಾ ಇದೆ. ಇಂಟರ್‌ನೆಟ್ಟಿನಲ್ಲಿ 'ನೆರ್ಜಾ' ಅಂತ ಹುಡುಕಬೇಕು, ಸ್ಪ್ಯಾನಿಷ್‌ನಲ್ಲಿ ಜ ಅಕ್ಷರ ಹ ಆಗುತ್ತದೆ. ಕರಾವಳಿಯಲ್ಲೇ ಸುಂದರ ಊರು ಅಂದರೆ ಇದೇ. ಎತ್ತರದ ಬಂಡೆ, ಅದರ ಕೆಳಗೆ ಪುಟ್ಟ ಪುಟ್ಟ ಕೊಲ್ಲಿಗಳು, ಬಂಡೆಯ ತುದಿಯಲ್ಲಿ 'ಯುರೋಪಿನ ಬಾಲ್ಕನಿ' ಎಂಬ ಜಾಗ. ಆದರೆ ರೈಲಿಲ್ಲ, ಬೀಚಿನಿಂದ ಊರಿಗೆ ಬರಲು ಏರು ಹತ್ತಬೇಕು. ಮಂಡಿ ಗಟ್ಟಿ ಇರುವವರು ಇಲ್ಲೇ ಉಳಿಯಿರಿ. ನಾವು ಹಗಲು ಹೋಗಿ ಸಂಜೆ ಬಂದೆವು.

4. ಮನೆ: ದೂರ ನೋಡಬೇಡಿ, ಎತ್ತರ ನೋಡಿ

ನನ್ನ ದೊಡ್ಡ ತಪ್ಪು ಇಲ್ಲೇ ಆಗಿದ್ದು. ತೊರ್ರೆಮೊಲಿನೋಸ್‌ನಲ್ಲಿ ಮೊದಲ ಮೂರು ರಾತ್ರಿಗೆ ಒಂದು ಅಪಾರ್ಟ್‌ಮೆಂಟ್ ಹಿಡಿದಿದ್ದೆ. 'ಸಮುದ್ರಕ್ಕೆ 200 ಮೀಟರ್' ಅಂತಿತ್ತು. ಸುಳ್ಳಲ್ಲ, ಆದರೆ ಊರು ಇರುವುದು ಬಂಡೆಯ ಮೇಲೆ, ಬೀಚು ಬಂಡೆಯ ಕೆಳಗೆ. ನಡುವೆ ಬರೀ ಮೆಟ್ಟಿಲು. ಇಳಿಯುವಾಗ ಖುಷಿ. ಹತ್ತುವಾಗ ಅಮ್ಮ ನಾಲ್ಕು ಕಡೆ ಕೂತು, ನಾಲ್ಕನೇ ಕಡೆ ನನ್ನ ಇಂಜಿನಿಯರಿಂಗ್ ಡಿಗ್ರಿಯ ಬಗ್ಗೆ ವಿಚಾರಿಸಿದರು. ಉಳಿದ ದಿನಗಳಿಗೆ ಫುಯೆಂಗಿರೋಲಾಕ್ಕೆ ಹೋದದ್ದು ಹೀಗೆ.

ಆದ್ದರಿಂದ ಬುಕ್ ಮಾಡುವ ಮುಂಚೆ ನಕ್ಷೆಯಲ್ಲಿ ಬೀದಿಯ ಚಿತ್ರ ತೆರೆದು, ಮನೆಯಿಂದ ಬೀಚಿನವರೆಗೆ ಬೆರಳಲ್ಲೇ ನಡೆದು ನೋಡಿ. 'ಪ್ರಿಮೇರಾ ಲೀನಿಯಾ ದೆ ಪ್ಲಾಯಾ' ಅಂತಿದ್ದರೆ ಬೀಚಿನ ಎದುರಿನ ಮೊದಲ ಸಾಲು ಅಂತ ಅರ್ಥ. ಲಿಫ್ಟು, ಎಸಿ ಇದೆಯಾ ಅಂತ ಕೇಳಿ. ಮಾಲಗ, ಗ್ರನಾಡಾ ಎಲ್ಲ ಸೇರಿದ ಆಂದಲೂಸಿಯಾ ಸೀಮೆಯಲ್ಲಿ ಪ್ರವಾಸಿಗರಿಗೆ ಬಾಡಿಗೆ ಕೊಡುವ ಮನೆ ನೋಂದಣಿಯಾಗಿರಬೇಕು. ಜಾಹೀರಾತಿನಲ್ಲಿ ಆ ನಂಬರ್ ಇಲ್ಲದಿದ್ದರೆ ಮುಂದಿನ ಮನೆ ನೋಡಿ. ಎಲ್ಲರ ಪಾಸ್‌ಪೋರ್ಟ್ ವಿವರ ಕೇಳುತ್ತಾರೆ. ಗಾಬರಿ ಬೇಡ, ಅದು ಅಲ್ಲಿನ ಕಾನೂನು.

ಸಸ್ಯಾಹಾರಿಗಳಿಗೆ ಅಡುಗೆಮನೆ ಇರುವ ಅಪಾರ್ಟ್‌ಮೆಂಟೇ ಸರಿ. ಒಲೆ ಗಾಜಿನದು, ಎಷ್ಟೋ ಕಡೆ ಇಂಡಕ್ಷನ್. ನಮ್ಮ ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ಕೆಲಸ ಮಾಡಲ್ಲ, ಹೊತ್ತುಕೊಂಡು ಹೋಗಬೇಡಿ.

5. ವೀಸಾ

ಸ್ಪೇನ್ ಷೆಂಗೆನ್ ದೇಶ, ಅಂದರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಕೂಟದಲ್ಲಿ ಒಂದು. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ವೀಸಾ ಬೇಕೇ ಬೇಕು. ಪ್ರವಾಸಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ ಮುಂಚೆ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನವೂ ಆಗುತ್ತದೆ. ಆದರೆ ನಿಜವಾದ ಕಷ್ಟ ಅಪಾಯಿಂಟ್‌ಮೆಂಟ್ ಸಿಗುವುದು. ದಸರಾಕ್ಕೆ ಹೋಗುವವರು ಜೂನ್‌ನಲ್ಲೇ ಸ್ಲಾಟ್ ನೋಡಲು ಶುರು ಮಾಡಿ. ಸ್ಪೇನ್ ಪರವಾಗಿ ಅರ್ಜಿ ತಗೊಳ್ಳುವುದು ಬಿಎಲ್‌ಎಸ್ ಸಂಸ್ಥೆ, ಬೆಂಗಳೂರಿನಲ್ಲೂ ಕೇಂದ್ರವಿದೆ.

2024ರ ಜೂನ್‌ನಿಂದ ವೀಸಾ ಶುಲ್ಕ ದೊಡ್ಡವರಿಗೆ 90 ಯುರೋ, 6 ತುಂಬಿದ, 12 ತುಂಬದ ಮಕ್ಕಳಿಗೆ 45, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಕೇಂದ್ರದ ಸೇವಾ ಶುಲ್ಕ ಬೇರೆ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟಿದ್ದಾಗಿರಬೇಕು, ವಾಪಸ್ ಹೊರಡುವ ದಿನದಿಂದ ಇನ್ನೂ ಮೂರು ತಿಂಗಳು ಅವಧಿ ಇರಬೇಕು. ವಿಮೆ ಕನಿಷ್ಠ 30,000 ಯುರೋದ್ದು. ಉಳಿಯುವ ಜಾಗ, ವಿಮಾನ, ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್, ಕೆಲಸದ ಕಡೆಯಿಂದ ರಜೆ ಪತ್ರ, ಮಕ್ಕಳಿಗೆ ಶಾಲೆಯ ಪತ್ರ, ಎಲ್ಲದರ ತಾರೀಖೂ ಒಂದಕ್ಕೊಂದು ತಾಳೆಯಾಗಬೇಕು. ಅರ್ಜಿ ಹಾಕುವ ಹಿಂದಿನ ವಾರ ಅಕೌಂಟಿಗೆ ಭಾವನಿಂದ ಐದು ಲಕ್ಷ ಹಾಕಿಸಿಕೊಳ್ಳಬೇಡಿ. ನೋಡುವವರಿಗೆ ಗೊತ್ತಾಗುತ್ತದೆ.

ವಿಮಾನ ಮತ್ತು ರೂಮುಗಳನ್ನು ವೀಸಾ ಬರುವವರೆಗೆ ರದ್ದು ಮಾಡಬಹುದಾದ ರೀತಿಯಲ್ಲೇ ಹಿಡಿಯಿರಿ. ವೀಸಾ 'ಸಿಂಗಲ್ ಎಂಟ್ರಿ' ಬಂದಿದ್ದರೆ ಒಂದು ಎಚ್ಚರಿಕೆ: ತರೀಫಾದಿಂದ ದೋಣಿ ಹತ್ತಿ ಮೊರಾಕೊದ ತಾಂಜಿಯರ್‌ಗೆ ಒಂದು ದಿನಕ್ಕೆ ಹೋಗಿ ಬರೋಣ ಅನ್ನೋ ಆಸೆ ಬಿಡಿ. ಒಮ್ಮೆ ಹೊರಗೆ ಹೋದರೆ ಒಳಗೆ ಬರಲು ಆಗಲ್ಲ.

ಜರ್ಮನಿ, ನೆದರ್‌ಲೆಂಡ್ಸ್‌ನಲ್ಲಿ ರೆಸಿಡೆನ್ಸ್ ಪರ್ಮಿಟ್ ಇಟ್ಟುಕೊಂಡಿರುವ ಕನ್ನಡಿಗರಿಗೆ ಈ ತಲೆನೋವಿಲ್ಲ, ಪರ್ಮಿಟ್ ಮತ್ತು ಪಾಸ್‌ಪೋರ್ಟ್ ಸಾಕು. ಬ್ರಿಟನ್ನಿನಲ್ಲಿರುವವರಿಗೆ, ಭಾರತದ ಪಾಸ್‌ಪೋರ್ಟ್ ಆಗಿದ್ದರೆ, ಷೆಂಗೆನ್ ವೀಸಾ ಬೇಕು. ಲಂಡನ್ನಿಂದ ಮೂರು ಗಂಟೆಯೊಳಗಿನ ಹಾದಿ ಅಂತ ಕೊನೇ ಗಳಿಗೆಯಲ್ಲಿ ಟಿಕೆಟ್ ತಗೊಂಡು ಪೇಚಾಡಬೇಡಿ.

6. ಹೋಗುವ ದಾರಿ

ಬೆಂಗಳೂರಿನಿಂದ ಮಾಲಗಕ್ಕೆ ನೇರ ವಿಮಾನ ಇಲ್ಲ. ಫ್ರಾಂಕ್‌ಫರ್ಟ್, ಪ್ಯಾರಿಸ್, ಆಮ್‌ಸ್ಟರ್‌ಡಾಮ್ ಹೀಗೆ ಒಂದು ಕಡೆ ಬದಲಿಸಬೇಕು. ಷೆಂಗೆನ್ ದೇಶದಲ್ಲಿ ಬದಲಿಸಿದರೆ ಇಮಿಗ್ರೇಷನ್ ಅಲ್ಲೇ ಮುಗಿಯುತ್ತದೆ. 2025ರ ಅಕ್ಟೋಬರ್‌ನಿಂದ ಹೊಸ ಪದ್ಧತಿ ಶುರುವಾಗಿದೆ, ಗಡಿಯಲ್ಲಿ ಬೆರಳಚ್ಚು, ಫೋಟೊ ತಗೊಳ್ಳುತ್ತಾರೆ. ಹಾಗಾಗಿ ಎರಡು ವಿಮಾನಗಳ ನಡುವೆ ಮೂರು ಗಂಟೆಯಾದರೂ ಇರಲಿ. ಲಂಡನ್ ಮೂಲಕ ಹೋಗುವುದಾದರೆ ಬ್ರಿಟನ್ನಿನ ಟ್ರಾನ್ಸಿಟ್ ವೀಸಾ ಬೇಕಾ ಅಂತ ಮೊದಲೇ ವಿಚಾರಿಸಿ.

ಇನ್ನೊಂದು ದಾರಿ ಮ್ಯಾಡ್ರಿಡ್. ಅಲ್ಲಿಂದ ವೇಗದ ರೈಲು ಎರಡೂವರೆ, ಮೂರು ಗಂಟೆಯಲ್ಲಿ ಮಾಲಗಕ್ಕೆ ತಲುಪಿಸುತ್ತದೆ. ಕಿಟಕಿಯಾಚೆ ಮೈಲಿಗಟ್ಟಲೆ ಆಲಿವ್ ತೋಟಗಳು, ನಮ್ಮ ಚನ್ನಗಿರಿ ಕಡೆ ಅಡಿಕೆ ತೋಟ ಮುಗಿಯದ ಹಾಗೆ. ಈ ರೈಲುಗಳಿಗೆ ಹತ್ತುವ ಮುಂಚೆ ಲಗೇಜ್ ಸ್ಕ್ಯಾನ್ ಮಾಡುತ್ತಾರೆ, ಅರ್ಧ ಗಂಟೆ ಮುಂಚೆ ಹೋಗಿ. ಬೇಗ ಬುಕ್ ಮಾಡಿದಷ್ಟೂ ಅಗ್ಗ.

ಮಾಲಗ ವಿಮಾನ ನಿಲ್ದಾಣದಿಂದ ಹೊರಗೆ ಬಂದರೆ ಎದುರಲ್ಲೇ ಸಿ-1 ಸ್ಟೇಷನ್. ಊರ ಮಧ್ಯಕ್ಕೆ ಹನ್ನೆರಡು ನಿಮಿಷ, ಇನ್ನೊಂದು ದಿಕ್ಕಿಗೆ ಫುಯೆಂಗಿರೋಲಾ ಅರ್ಧ ಗಂಟೆಯ ಮೇಲೆ ಸ್ವಲ್ಪ. ಪ್ಲಾಟ್‌ಫಾರಂ ನೋಡಿ ಹತ್ತಿ, ಎರಡು ದಿಕ್ಕಿನ ಗಾಡಿಯೂ ಒಂದೇ ಥರ ಇರುತ್ತವೆ.

7. ದಿನಚರಿ: ಎಲ್ಲವನ್ನೂ ಎರಡು ಗಂಟೆ ಮುಂದೆ ತಳ್ಳಿ

ನಾವು ಎರಡನೇ ದಿನ ಮಾಡಿದ್ದೇನು ಗೊತ್ತಾ? ಹನ್ನೆರಡರ ಬಿಸಿಲು ಕಳೀಲಿ ಅಂತ ಜಾಣರ ಹಾಗೆ ರೂಮಲ್ಲಿ ಕೂತು, ಎರಡು ಗಂಟೆಗೆ ಬೀಚಿಗೆ ಹೋದೆವು. ಅಂದರೆ ಸರಿಯಾಗಿ ನಡುನೆತ್ತಿಯ ಸೂರ್ಯನಡಿಗೆ. ನಾಲ್ಕಕ್ಕೆ ಮಗಳ ಭುಜ ಟೊಮೇಟೊ ಆಗಿತ್ತು. ನಮ್ಮ ಚರ್ಮ ಸುಡಲ್ಲ ಅನ್ನುವುದು ಭ್ರಮೆ. ಗಾಳಿ ತಂಪಾಗಿರುವುದರಿಂದ ಸುಡುವುದು ಗೊತ್ತೇ ಆಗುವುದಿಲ್ಲ.

ಆಮೇಲೆ ಅಲ್ಲಿನವರನ್ನು ನೋಡಿ ಕಲಿತೆವು. ಒಂಬತ್ತಕ್ಕೆ ಕಾಫಿ, ಬ್ರೆಡ್ಡು. ಹತ್ತರಿಂದ ಒಂದರವರೆಗೆ ಸಮುದ್ರ. ಆಗ ಗಾಳಿ ಕಡಿಮೆ, ನೀರು ತಿಳಿ. ಎರಡಕ್ಕೆ ಊಟ, ಅದೇ ದಿನದ ದೊಡ್ಡ ಊಟ. ಮೂರೂವರೆಯಿಂದ ಆರರವರೆಗೆ ಪರದೆ ಎಳೆದು ನಿದ್ದೆ. ಈ ಹೊತ್ತಲ್ಲಿ ಸಣ್ಣ ಅಂಗಡಿಗಳೂ ಶಟರ್ ಎಳೆದಿರುತ್ತವೆ, ಸುಮ್ನೆ ಬೀದಿ ಸುತ್ತಿ ಪ್ರಯೋಜನ ಇಲ್ಲ. ಆರರ ಮೇಲೆ ಮತ್ತೆ ಬೀಚು. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆ ದಾಟಿದ ಮೇಲೆ, ಸೆಪ್ಟೆಂಬರ್ ಕೊನೆಯಲ್ಲಿ ಎಂಟರ ಸುಮಾರಿಗೆ. ಆಮೇಲೆ ಸ್ನಾನ, ಒಂಬತ್ತಕ್ಕೆ ಲಘು ಊಟ. ಹನ್ನೊಂದಕ್ಕೂ ಪಾರ್ಕಿನಲ್ಲಿ ಪುಟ್ಟ ಮಕ್ಕಳು ಜಾರುಬಂಡಿ ಆಡುತ್ತಿರುತ್ತಾರೆ.

ನಮ್ಮೂರ ಮಲೆನಾಡಿನ ಹಿರಿಯರಿಗೆ ಮಧ್ಯಾಹ್ನ ಒಂದು ಗಳಿಗೆ ಅಡ್ಡಾಗುವ ಅಭ್ಯಾಸ ಇದ್ದೇ ಇದೆ. ಅಮ್ಮ ಈ ದಿನಚರಿಗೆ ಎಲ್ಲರಿಗಿಂತ ಮುಂಚೆ ಒಗ್ಗಿಕೊಂಡರು.

ಸೆಪ್ಟೆಂಬರ್ ಕೊನೆಯಲ್ಲಿ ಸೂರ್ಯ ಹುಟ್ಟುವುದೇ ಎಂಟು ದಾಟಿ. ಐದಕ್ಕೆ ಎದ್ದು ಕಾಫಿ ಹುಡುಕುವವರು ರೂಮಲ್ಲೇ ಫಿಲ್ಟರ್ ಇಟ್ಟುಕೊಳ್ಳಿ.

8. ಬೀಚಿನ ರೀತಿ ರಿವಾಜು

ಸ್ಪೇನಿನಲ್ಲಿ ಕಡಲ ದಂಡೆ ಸಾರ್ವಜನಿಕರದ್ದು, 1988ರ ಕಾನೂನೇ ಇದೆ. ಯಾವ ಐಷಾರಾಮಿ ಹೋಟೆಲಿನ ಎದುರೂ ನೀವು ಟವೆಲ್ ಹಾಸಬಹುದು. ದುಡ್ಡು ಕೊಡಬೇಕಾದದ್ದು ಒರಗು ಕುರ್ಚಿ, ಕೊಡೆಗೆ ಮಾತ್ರ. ಒಂದು ವಾರ ಇರುವುದಾದರೆ ಸೂಪರ್‌ಮಾರ್ಕೆಟ್‌ನಲ್ಲಿ ಅಗ್ಗದ ಕೊಡೆ ಕೊಂಡು, ಹೊರಡುವಾಗ ಮನೆಯಲ್ಲಿ ಬಿಟ್ಟು ಬನ್ನಿ.

ಬಾವುಟ ನೋಡಿ ಇಳಿಯಿರಿ. ಹಸಿರಾದರೆ ಸರಿ, ಹಳದಿಯಾದರೆ ಹುಷಾರು, ಕೆಂಪಾದರೆ ಇಳಿಯಲೇಬೇಡಿ. ಕೆಲವು ಕಡೆ ಹತ್ತು ಹೆಜ್ಜೆಗೇ ಆಳ. ಅಂಬಲಿಮೀನು (ಜೆಲ್ಲಿಫಿಶ್) ಕಾಣಿಸಿಕೊಳ್ಳುವ ದಿನಗಳಿವೆ, ಅಲ್ಲಿ 'ಮೆದೂಸಾ' ಅನ್ನುತ್ತಾರೆ. ಕುಟುಕಿದರೆ ಉಜ್ಜಬೇಡಿ, ಸಿಹಿನೀರಲ್ಲಿ ತೊಳೆಯಬೇಡಿ, ಸಮುದ್ರದ ನೀರಲ್ಲೇ ತೊಳೆದು ಲೈಫ್‌ಗಾರ್ಡ್ ಹತ್ತಿರ ಹೋಗಿ.

ಮೇಲುಡುಪಿಲ್ಲದೆ ಬಿಸಿಲು ಕಾಯಿಸುವ ಹೆಂಗಸರು ಅಲ್ಲಿ ಮಾಮೂಲು. ಮನೆಯ ಹಿರಿಯರಿಗೆ ಮೊದಲೇ ಒಂದು ಮಾತು ಹೇಳಿಟ್ಟಿರಿ. ಚೂಡಿದಾರ ಹಾಕಿಕೊಂಡು ಅಲೆಯಲ್ಲಿ ಕೂತ ನಮ್ಮನ್ನೂ ಯಾರೂ ತಿರುಗಿ ನೋಡಲಿಲ್ಲ. ಫೋಟೊ ತೆಗೆಯುವಾಗ ಮಾತ್ರ ಹಿಂದೆ ಯಾರಿದ್ದಾರೆ ನೋಡಿಕೊಳ್ಳಿ.

9. ಊಟ, ಅದರಲ್ಲೂ ಸಸ್ಯಾಹಾರ

ಮೀನು ತಿನ್ನುವವರಿಗೆ ಇದು ಸ್ವರ್ಗ. ಬೀಚಿನ ಮೇಲಿನ ಊಟದ ಗುಡಿಸಲಿಗೆ 'ಚಿರಿಂಗೀತೊ' ಅನ್ನುತ್ತಾರೆ. ಅದರ ಮುಂದೆ ಮರಳು ತುಂಬಿದ ಒಂದು ಹಳೇ ದೋಣಿ, ದೋಣಿಯಲ್ಲಿ ಕೆಂಡ. ಬೂತಾಯಿಯಂಥ ಮೀನುಗಳನ್ನು ಕಡ್ಡಿಗೆ ಚುಚ್ಚಿ ಗಾಳಿಯ ದಿಕ್ಕು ನೋಡಿ ನಿಲ್ಲಿಸಿ ಸುಡುತ್ತಾರೆ. ಇದೇ 'ಎಸ್ಪೇತೊ'. ಉಪ್ಪು ಬಿಟ್ಟರೆ ಮಸಾಲೆ ಇಲ್ಲ. ಮಂಗಳೂರಿನವರಾದರೆ ಒಂದು ಪೊಟ್ಟಣ ಖಾರದಪುಡಿ ಜೇಬಲ್ಲಿರಲಿ.

ಸಸ್ಯಾಹಾರಿಗಳು ಭಾಷೆ ಕಲಿಯಬೇಕು. 'ಸಿನ್ ಕಾರ್ನೆ', ಮಾಂಸ ಬೇಡ, ಅಂದರೆ ಸಾಲದು. ಹಂದಿಯ ಹಾಮೋನ್ ಚೂರು, ಡಬ್ಬಿ ಮೀನು ಇವನ್ನೆಲ್ಲ ಅವರು ಮಾಂಸ ಅಂತ ಎಣಿಸದೇ ಇರಬಹುದು. ನಾವು ಕೇಳಿದ ಮೊದಲ ತರಕಾರಿ ಸಲಾಡ್ ಮೇಲೆ ಟ್ಯೂನಾ ಮೀನಿನ ಗುಡ್ಡೆ ಇತ್ತು. ಆದ್ದರಿಂದ ಪೂರ್ತಿ ಮಂತ್ರ ಹೇಳಿ: "ಸಿನ್ ಕಾರ್ನೆ, ಸಿನ್ ಹಾಮೋನ್, ಸಿನ್ ಪೆಸ್ಕಾದೊ, ಸಿನ್ ಆತೂನ್." ಮೊಟ್ಟೆ ತಿನ್ನದವರು "ಸಿನ್ ಹುಯೆವೊ" ಅಂತ ಸೇರಿಸಿ.

ಧೈರ್ಯವಾಗಿ ಕೇಳಬಹುದಾದದ್ದು ಏನೇನು? ಬೆಳಿಗ್ಗೆ 'ಪಾನ್ ಕೊನ್ ತೊಮಾತೆ', ಸುಟ್ಟ ಬ್ರೆಡ್ಡಿನ ಮೇಲೆ ಟೊಮೇಟೊ, ಆಲಿವ್ ಎಣ್ಣೆ. ಮಧ್ಯಾಹ್ನ 'ಗಾಸ್ಪಾಚೊ', ತಣ್ಣನೆಯ ಟೊಮೇಟೊ ಸಾರು. 'ಅಹೊಬ್ಲಾಂಕೊ' ಮಾಲಗದ್ದೇ ಅಡುಗೆ, ಬಾದಾಮಿ ಬೆಳ್ಳುಳ್ಳಿ ಅರೆದು ಮಾಡಿದ ಬಿಳಿ ಸಾರು, ಮೇಲೆ ದ್ರಾಕ್ಷಿ. 'ಸಾಲ್ಮೊರೇಹೊ' ಮೇಲೆ ಹಾಮೋನ್, ಮೊಟ್ಟೆ ಉದುರಿಸುತ್ತಾರೆ, ಬೇಡ ಅಂತ ಮೊದಲೇ ಹೇಳಿ. ಮೊಟ್ಟೆ ಆಗುವವರಿಗೆ ಆಲೂಗಡ್ಡೆಯ 'ತೊರ್ತೀಯಾ' ಹೊಟ್ಟೆ ತುಂಬಿಸುತ್ತದೆ.

ಎಲ್ಲಕ್ಕಿಂತ ಮೇಲೆ 'ಬೆರೆನ್‌ಹೇನಾಸ್ ಕೊನ್ ಮಿಯೆಲ್ ದೆ ಕಾನ್ಯಾ'. ಬದನೆಕಾಯಿಯನ್ನು ಹಿಟ್ಟಲ್ಲಿ ಹೊರಳಿಸಿ ಕರಿದು, ಮೇಲೆ ಕಪ್ಪು ಪಾಕ ಸುರಿದಿರುತ್ತಾರೆ. ಅಮ್ಮ ಬೆರಳಲ್ಲಿ ಆ ಪಾಕ ನೆಕ್ಕಿ, "ಇದು ಜೋನಿಬೆಲ್ಲ" ಅಂದರು. ಹೌದು, ಕಬ್ಬಿನ ಹಾಲು ಕಾಯಿಸಿ ಮಾಡಿದ್ದೇ. ನೆರ್ಹಾದ ಮೇಲಿನ ಫ್ರಿಹಿಲಿಯಾನಾ ಹಳ್ಳಿಯಲ್ಲಿ ಇವತ್ತಿಗೂ ಕಾಯಿಸುತ್ತಾರೆ. ಕಬ್ಬು, ಬದನೆ ಎರಡೂ ಈ ಕರಾವಳಿಗೆ ಬಂದದ್ದು ಅರಬರ ಜೊತೆ. ಅವರಿಗೆ ಸಿಕ್ಕಿದ್ದು ಪೂರ್ವದ ಕಡೆಯಿಂದ. ಸ್ಪ್ಯಾನಿಷ್‌ನ 'ಅಸೂಕಾರ್', ನಮ್ಮ ಸಕ್ಕರೆ, ಎರಡಕ್ಕೂ ಮೂಲ ಸಂಸ್ಕೃತದ ಶರ್ಕರೆಯೇ.

ಖರ್ಚು ಉಳಿಸಲು ಮಧ್ಯಾಹ್ನ 'ಮೆನು ದೆಲ್ ದಿಯಾ' ಕೇಳಿ. ಎರಡು ಬಗೆ, ಬ್ರೆಡ್ಡು, ಸಿಹಿ ಅಥವಾ ಕಾಫಿ ಸೇರಿ ಒಂದೇ ಬೆಲೆ. ಇಡೀ ದಿನ ತೆರೆದಿರುವ ರೆಸ್ಟೋರೆಂಟುಗಳೂ ಇವೆ. ಬಾಗಿಲಲ್ಲಿ ಊಟದ ಬಣ್ಣದ ಫೋಟೊ ನೇತು ಹಾಕಿದ್ದರೆ ನಾನು ಮುಂದಕ್ಕೆ ಹೋಗುತ್ತೇನೆ.

ಊರಿಂದ ಅವಲಕ್ಕಿ, ಚಟ್ನಿಪುಡಿ, ಉಪ್ಪಿಟ್ಟಿನ ಮಿಕ್ಸ್ ಒಯ್ಯಬಹುದು. ತುಪ್ಪ, ಪೇಡ ಬೇಡ. ಹಾಲಿನ ಪದಾರ್ಥ, ಮಾಂಸ ಎರಡನ್ನೂ ಹೊರಗಿಂದ ತರುವುದಕ್ಕೆ ಯುರೋಪಿಯನ್ ಒಕ್ಕೂಟದಲ್ಲಿ ನಿಷೇಧ. ಅಲ್ಲಿನ ಪಾಯೆಲ್ಯಾ ಅಕ್ಕಿ ಗುಂಡಗೆ ಇರುತ್ತದೆ, ಸ್ವಲ್ಪ ಜಾಸ್ತಿ ಬೇಯಿಸಿ ಸಪ್ಪೆ ಮೊಸರು ಕಲಸಿದರೆ ಮೊಸರನ್ನಕ್ಕೆ ಹೇಳಿ ಮಾಡಿಸಿದ ಹಾಗೆ. ಮೊಸರಿನ ಡಬ್ಬಿ ಮೇಲೆ 'ನಾತುರಾಲ್' ಅಂತಿರಲಿ. ಇಲ್ಲದಿದ್ದರೆ ಸಕ್ಕರೆ ಹಾಕಿದ್ದು ಬರುತ್ತದೆ. ಭಾನುವಾರ ಎಷ್ಟೋ ಸೂಪರ್‌ಮಾರ್ಕೆಟ್ ಮುಚ್ಚಿರುತ್ತವೆ, ಶನಿವಾರವೇ ತುಂಬಿಸಿಕೊಳ್ಳಿ. ನಲ್ಲಿ ನೀರು ಕುಡಿಯಬಹುದು.

10. ಹೊರ ಸುತ್ತಾಟ: ವಾರಕ್ಕೆ ಎರಡೇ

ಗ್ರನಾಡಾದ ಅಲ್‌ಹಾಂಬ್ರಾ ಅರಮನೆಗೆ ಟಿಕೆಟನ್ನು ವಿಮಾನದ ಟಿಕೆಟ್ ಜೊತೆಗೇ ಯೋಚಿಸಿ. ವಾರಗಟ್ಟಲೆ ಮುಂಚೆಯೇ ಖಾಲಿಯಾಗುತ್ತವೆ. ಟಿಕೆಟ್ ಪಾಸ್‌ಪೋರ್ಟಿನ ಹೆಸರಲ್ಲಿರುತ್ತದೆ, ಒಳಗಿನ ನಸ್ರೀದ್ ಅರಮನೆಗೆ ಕೊಟ್ಟ ಸಮಯ ತಪ್ಪಿದರೆ ಬಿಡುವುದಿಲ್ಲ. ಮಾಲಗದಿಂದ ಬಸ್ಸಿಗೆ ಎರಡು ಗಂಟೆ ಹಿಡಿಯಿರಿ, ಗ್ರನಾಡಾ ಬಸ್ ನಿಲ್ದಾಣದಿಂದ ಅರಮನೆಗೆ ಇನ್ನೊಂದು ಗಂಟೆ.

ಎರಡನೆಯದು ನೆರ್ಹಾ ಮತ್ತು ಫ್ರಿಹಿಲಿಯಾನಾ, ಎರಡೂ ಒಂದೇ ದಿನ. ಮಾಲಗದ ಮರಿಯಾ ಸಾಂಬ್ರಾನೋ ಪಕ್ಕದ ಬಸ್ ನಿಲ್ದಾಣದಿಂದ ಹೋಗಬಹುದು. ನೆರ್ಹಾದ ಗುಹೆಯನ್ನು 1959ರಲ್ಲಿ ಬಾವಲಿ ಹಿಡಿಯಲು ಹೋದ ಐವರು ಹುಡುಗರು ಕಂಡುಹಿಡಿದರು. ಒಳಗೆ 32 ಮೀಟರ್ ಎತ್ತರದ ಸುಣ್ಣಕಲ್ಲಿನ ಕಂಬವಿದೆ. ಹೊರಗೆ ಬೇಯುವ ಮಧ್ಯಾಹ್ನ ಗುಹೆಯೊಳಗೆ ಇರುವ ಹಾಗೆ ಸಮಯ ಹೊಂದಿಸಿ.

ರೋಂದಾ ಎಂಬ ಊರಿನ ಕಲ್ಲು ಸೇತುವೆ ಚೆಂದ, ದಾರಿ ಸುತ್ತು. ವಾಂತಿ ಮಾಡುವ ಮಕ್ಕಳಿದ್ದರೆ ಬೇಡ. ಕಣಿವೆಯ ಗೋಡೆಗೆ ಅಂಟಿಸಿದ ಕಾಮಿನೀತೊ ದೆಲ್ ರೇ ಕಾಲುದಾರಿಗೆ 8 ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ, ಸೋಮವಾರ ಮುಚ್ಚಿರುತ್ತದೆ.

11. ದುಡ್ಡು, ಕಳ್ಳರು, ಕೊನೆಯ ದಿನ

ಕಾರ್ಡ್ ಎಲ್ಲ ಕಡೆ ನಡೆಯುತ್ತದೆ. ಮಷಿನ್ 'ರೂಪಾಯಿಯಲ್ಲಿ ಕೊಡುತ್ತೀರಾ' ಅಂತ ಕೇಳಿದರೆ ಬೇಡ ಅನ್ನಿ, ಯುರೋದಲ್ಲೇ ಕೊಡಿ. ರೂಪಾಯಿಯ ಲೆಕ್ಕದಲ್ಲಿ ಅವರ ಪಾಲು ಸೇರಿರುತ್ತದೆ. ಎಲ್ಲರೂ ಒಟ್ಟಿಗೆ ನೀರಿಗೆ ಇಳಿಯಬೇಡಿ, ಬ್ಯಾಗಿನ ಹತ್ತಿರ ಒಬ್ಬರಿರಲಿ. ಪಾಸ್‌ಪೋರ್ಟ್ ಮನೆಯಲ್ಲಿ, ಅದರ ನಕಲು ಜೇಬಲ್ಲಿ. ತುರ್ತಿಗೆ 112.

ಕೊನೆಯ ದಿನ ವಿಮಾನ ಸಂಜೆ ಇದ್ದರೆ, ಮಾಲಗದ ದೊಡ್ಡ ರೈಲು ನಿಲ್ದಾಣದಲ್ಲಿ ಲಗೇಜ್ ಇಡಲು ಲಾಕರ್ ಸಿಗುತ್ತದೆ. ಸೂಟ್‌ಕೇಸುಗಳನ್ನು ಅಲ್ಲಿಟ್ಟು ಊರ ಮಾರುಕಟ್ಟೆಗೆ ಹೋಗಿ ಬನ್ನಿ, ಎರಡು ಗಂಟೆಗೆ ಸರಿಯಾಗಿ ಊಟ ಮುಗಿಸಿ. ಅಮ್ಮ ಅಲ್ಲಿ ಎರಡು ಬಾಟಲಿ ಜೋನಿಬೆಲ್ಲ ಕೊಂಡು, ನಮ್ಮ ಸಾಗರ ಪೇಟೆಯಲ್ಲಿ ಸಿಗದ ವಸ್ತುವೇನೋ ಎಂಬಂತೆ ಎದೆಗೆ ಅವುಚಿಕೊಂಡು ಕೂತಿದ್ದರು. ನೀವೂ ಕೊಂಡರೆ ಕೈಚೀಲದಲ್ಲಿ ಇಡಬೇಡಿ. ನೂರು ಮಿಲಿ ದಾಟಿದ ದ್ರವ ಸೆಕ್ಯೂರಿಟಿಯಲ್ಲಿ ಕಸದ ಬುಟ್ಟಿಗೆ ಹೋದೀತು. ಒದ್ದೆ ಟವೆಲ್‌ನಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಚೆಕ್-ಇನ್ ಸೂಟ್‌ಕೇಸಿನ ನಡುವೆ ಇಡಿ.